ಊರ ಇತಿಹಾಸದ ಹುಡುಕಾಟ: ಅಂದಿನ ದಾರಿ, ಇಂದಿನ ದಾರಿ

ಸಂಶೋಧನೆಯೆಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ವಿಶ್ವವಿದ್ಯಾನಿಲಯದ ಕಟ್ಟಡ, ಪದವಿಯ ನಿಲುವಂಗಿ, ದಪ್ಪ ರಟ್ಟಿನ ಪ್ರಬಂಧ. ಇವಾವುವೂ ಇಲ್ಲದೆ, ಹಳ್ಳಿಯ ಶಾಲೆಯೊಂದರಲ್ಲಿ ಪಾಠ ಹೇಳುತ್ತ, ರಜೆಯ ದಿನಗಳಲ್ಲಿ ತಮ್ಮ ಊರಿನ ಹಿಂದಣ ಕಥೆಯನ್ನು ಅರಸಿಕೊಂಡು ಹೋದವರ ಒಂದು ವರ್ಗವೂ ನಮ್ಮ ಗಡಿನಾಡಿನಲ್ಲಿ ಬಹುಕಾಲದಿಂದ ಇದೆ. ನಾನು ಆ ವರ್ಗಕ್ಕೆ ಸೇರಿದವನು. 1974ರಲ್ಲಿ ಕನ್ನಡ ಶಾಲೆಯ ಅಧ್ಯಾಪಕನಾಗಿ ಕೆಲಸಕ್ಕೆ ಸೇರಿದ ವರ್ಷವೇ, ಶಿರಿಯಾ ಹೊಳೆಯ ಆಸುಪಾಸಿನ ನಾಲ್ಕಾರು ಗ್ರಾಮಗಳ ಚರಿತ್ರೆಯನ್ನು ಕೂಡಿಸಬೇಕೆಂಬ ಹುಚ್ಚು ಹಿಡಿಯಿತು. ಐವತ್ತು ವರ್ಷಗಳು ಕಳೆದರೂ ಅದು ಬಿಟ್ಟಿಲ್ಲ. ಈ ಅವಧಿಯಲ್ಲಿ ನಾನು ತಿಳಿದುಕೊಂಡ ಸಂಗತಿಗಳಿಗಿಂತಲೂ, ತಿಳಿದುಕೊಳ್ಳುವ ಬಗೆ ಹೆಚ್ಚು ಬದಲಾಗಿದೆ. ಆ ಬದಲಾವಣೆಯನ್ನು ಇಲ್ಲಿ ಕೊಂಚ ವಿವರವಾಗಿ ಹೇಳುವುದಕ್ಕೆ ಕಾರಣವುಂಟು. ಓದುಗರ ಮನೆಯ ಅಟ್ಟದ ಮೇಲಿರುವ ಹಳೆಯ ಕಟ್ಟುಗಳಿಗೂ, ಜಗಲಿಯಲ್ಲಿ ಕುಳಿತಿರುವ ಹಿರಿಯರ ನೆನಪಿಗೂ ಈ ವಿಷಯದೊಡನೆ ನೇರವಾದ ಸಂಬಂಧವಿದೆ.

ಒಂದೇ ಊರು, ಹಲವು ಕಛೇರಿಗಳು

ಗಡಿನಾಡಿನ ಊರೊಂದರ ಚರಿತ್ರೆ ಬರೆಯಹೊರಟವನಿಗೆ ಎದುರಾಗುವ ಮೊದಲ ತೊಡಕು ಭೂಗೋಳದ್ದು. ಊರು ಇದ್ದಲ್ಲಿಯೇ ಇದೆ. ಅದರ ಮೇಲಿನ ಕಛೇರಿ ಮಾತ್ರ ಒಂದೆಡೆ ನಿಂತಿಲ್ಲ. 1799ರಲ್ಲಿ ಟಿಪ್ಪು ಸುಲ್ತಾನನ ಪತನಾನಂತರ ಕೆನರಾ ಸೀಮೆ ಕಂಪೆನಿ ಸರ್ಕಾರದ ವಶಕ್ಕೆ ಬಂದು, ಥಾಮಸ್ ಮನ್ರೋ ಅದರ ಪ್ರಥಮ ಕಲೆಕ್ಟರನಾದ. ಹತ್ತೊಂಬತ್ತನೆಯ ಶತಮಾನದ ಹಳೆಯ ಕಾಗದಗಳಲ್ಲಿ ನಮ್ಮ ಭಾಗಕ್ಕೆ ಬೇಕಲ ತಾಲ್ಲೂಕೆಂದು ಹೆಸರು. 1862ರಲ್ಲಿ ಉತ್ತರ ಕೆನರಾ ಮುಂಬಯಿ ಪ್ರಾಂತಕ್ಕೆ ಹೋಯಿತು, ದಕ್ಷಿಣ ಕೆನರಾ ಮದ್ರಾಸಿನಲ್ಲಿಯೇ ಉಳಿಯಿತು. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಜಿಲ್ಲೆ ಮೈಸೂರು ರಾಜ್ಯವನ್ನು ಸೇರಿದಾಗ ಅದರ ಕಾಸರಗೋಡು ತಾಲ್ಲೂಕು ಕೇರಳಕ್ಕೆ ಸೇರಿತು. ಮರುವರ್ಷ ನಾವು ಕಣ್ಣಾನೂರು ಜಿಲ್ಲೆಯವರಾದೆವು. 1984ರ ಮೇ 24ರಿಂದ ಕಾಸರಗೋಡು ಜಿಲ್ಲೆಯವರು. 2014ರಿಂದ ನಮ್ಮ ಗ್ರಾಮಗಳು ಮಂಜೇಶ್ವರ ತಾಲ್ಲೂಕಿಗೆ ಸೇರಿವೆ. ಮನೆಯ ಹೊಸಿಲು ದಾಟದ ಮುದುಕಿಯೂ ತನ್ನ ಆಯುಷ್ಯದಲ್ಲಿ ಎರಡು ರಾಜ್ಯ, ಮೂರು ಜಿಲ್ಲೆಗಳನ್ನು ಕಂಡ ಸೀಮೆಯಿದು.

ಇದರ ಪರಿಣಾಮವಾಗಿ ಕಾಗದಗಳು ಚದರಿಹೋದವು. ಕಂಪೆನಿಯ ಕಾಲದ ರೆವೆನ್ಯೂ ಮಂಡಳಿಯ ನಡವಳಿಗಳು ಮದ್ರಾಸಿನ ಎಗ್ಮೋರಿನ ದಾಖಲೆ ಭಂಡಾರದಲ್ಲಿವೆ. ಕರ್ನಲ್ ಕಾಲಿನ್ ಮೆಕೆಂಜಿ ಊರೂರುಗಳಿಂದ ಬರೆಯಿಸಿ ತರಿಸಿದ ಕೈಫಿಯತ್ತುಗಳ ಒಂದು ಭಾಗ ಮದ್ರಾಸಿನ ಪ್ರಾಚ್ಯ ಹಸ್ತಪ್ರತಿ ಭಂಡಾರದಲ್ಲಿ, ಇನ್ನೊಂದು ಭಾಗ ಲಂಡನ್ನಿನಲ್ಲಿ. ಬಾಸೆಲ್ ಮಿಷನ್ನಿನವರ ಪತ್ರವ್ಯವಹಾರ ಸ್ವಿಟ್ಸರ್ಲೆಂಡಿನ ಬಾಸೆಲ್ ನಗರದಲ್ಲಿಯೂ ಮಂಗಳೂರಿನ ಬಲ್ಮಠದಲ್ಲಿಯೂ ಇದೆ. ಇತ್ತೀಚಿನ ಭೂದಾಖಲೆಗಳೆಲ್ಲ ಕೇರಳದ ಕಛೇರಿಗಳಲ್ಲಿ, ಮಲಯಾಳದಲ್ಲಿ. ಬೆಂಗಳೂರಿನ ಸಂಶೋಧಕನೊಬ್ಬ ತನ್ನ ರಾಜಧಾನಿಯಲ್ಲಿ ಕುಳಿತೇ ತನ್ನ ಊರಿನ ಬಹುಪಾಲು ಕಾಗದಗಳನ್ನು ಕಾಣಬಲ್ಲ. ನಮ್ಮವನಿಗೆ ಒಂದು ಗ್ರಾಮದ ನೂರು ವರ್ಷಗಳ ಕಥೆ ತಿಳಿಯಬೇಕಾದರೆ ನಾಲ್ಕು ಪಟ್ಟಣಗಳ ಬಾಗಿಲು ತಟ್ಟಬೇಕು; ಕನ್ನಡ, ಮಲಯಾಳ, ಇಂಗ್ಲಿಷ್ ಮೂರನ್ನೂ ಓದಬೇಕು; ತುಳುವನ್ನು ಕೇಳಿ ತಿಳಿಯಬೇಕು.

ಆ ಕಾಲದಲ್ಲಿ ಹುಡುಕಾಟವೆಂದರೆ ಮುಖ್ಯವಾಗಿ ಪ್ರಯಾಣ, ಮತ್ತು ಪ್ರಯಾಣಕ್ಕೆ ಮುಂಚಿನ ಪತ್ರವ್ಯವಹಾರ. ಜವಾಬು ಕಾರ್ಡು ಲಗತ್ತಿಸಿ ವಿದ್ವಾಂಸರಿಗೆ ಬರೆಯುವುದು, ಉತ್ತರಕ್ಕಾಗಿ ಅಂಚೆಯವನ ದಾರಿ ಕಾಯುವುದು. ಕೆಲವರು ಮೂರು ದಿನಗಳಲ್ಲಿ ಉತ್ತರಿಸುತ್ತಿದ್ದರು, ಕೆಲವರು ಮೂರು ತಿಂಗಳಿಗೆ. ಉತ್ತರಿಸದವರು ಅಪರೂಪವೆಂಬುದನ್ನು ಇಲ್ಲಿ ಕೃತಜ್ಞತೆಯಿಂದ ಹೇಳಬೇಕು. ಬೇಸಗೆ ರಜೆಯಲ್ಲಿ ಕಾಸರಗೋಡಿನಲ್ಲಿ ಮದ್ರಾಸ್ ಮೇಲ್ ಹತ್ತಿದರೆ ಮರುದಿನ ಸೆಂಟ್ರಲ್ ನಿಲ್ದಾಣ. ಅಲ್ಲಿ ಏಳೆಂಟು ದಿನಗಳ ವಾಸ್ತವ್ಯಕ್ಕೆ ಒಬ್ಬ ಅಧ್ಯಾಪಕನ ಎರಡು ತಿಂಗಳ ಉಳಿತಾಯ ಸಾಲುತ್ತಿರಲಿಲ್ಲ. ದಾಖಲೆ ಭಂಡಾರದಲ್ಲಿ ಶಾಯಿಯ ಲೇಖನಿಗೆ ಪ್ರವೇಶವಿಲ್ಲ, ಪೆನ್ಸಿಲೇ ಗತಿ. ಬೆಳಿಗ್ಗೆ ಚೀಟಿ ಬರೆದುಕೊಟ್ಟರೆ ಮಧ್ಯಾಹ್ನದ ಹೊತ್ತಿಗೆ ಸಂಪುಟ ಬರುತ್ತಿತ್ತು. ಕೆಲವೊಮ್ಮೆ ‘ಸಂಪುಟ ಸಿಕ್ಕಲಿಲ್ಲ’ ಎಂಬ ಒಕ್ಕಣೆಯೊಡನೆ ಚೀಟಿಯೇ ಮರಳುತ್ತಿತ್ತು.

ಹೀಗೆ ನಕಲು ಮಾಡಿ ತಂದುದನ್ನು ಊರಿಗೆ ಬಂದ ಮೇಲೆ ಚಿಕ್ಕ ರಟ್ಟುಗಳಿಗೆ ಇಳಿಸುವುದು ಮಳೆಗಾಲದ ಕೆಲಸ. ಇದಕ್ಕೆ ನಾನು ಬಳಸಿದುದು ಮದುವೆಯ ಕರೆಯೋಲೆಗಳ ಖಾಲಿಯಾದ ಹಿಂಬದಿಯನ್ನು. ಗ್ರಾಮದ ಹೆಸರು ಮೇಲೆ, ವಿಷಯ ನಡುವೆ, ಆಕರ ಕೆಳಗೆ. ಕೋಟಿ ಖರ್ಚು ಮಾಡಿದ ಮದುವೆಗಳ ಕರೆಯೋಲೆಗಳು ನುಣುಪಾದ ಕಾಗದದವಾದ್ದರಿಂದ ಪೆನ್ಸಿಲ್ ಹಿಡಿಯುತ್ತಿರಲಿಲ್ಲ. ಬಡವರ ಮನೆಯ ಒರಟು ಕರೆಯೋಲೆಗಳೇ ಚರಿತ್ರೆಗೆ ಹೆಚ್ಚು ಉಪಕಾರ ಮಾಡಿವೆ.

ಕೈಯಿಂದ ನಕಲು ಮಾಡುವ ಕ್ರಮದಲ್ಲಿ ಒಂದು ಗುಣವಿತ್ತು. ಒಂದು ಪುಟವನ್ನು ಅಕ್ಷರಶಃ ಬರೆದುಕೊಳ್ಳುವವನು ಆ ಪುಟವನ್ನು ಅನಿವಾರ್ಯವಾಗಿ ಓದಿರುತ್ತಾನೆ. ಮುಂದಿನ ಪದವೇನೆಂದು ಊಹಿಸಿ, ಊಹೆ ತಪ್ಪಿದಾಗ ತಡೆದು ನಿಂತು, ಏಕೆ ತಪ್ಪಿತೆಂದು ಯೋಚಿಸುತ್ತಾನೆ. ಎಂಬತ್ತರ ದಶಕದಲ್ಲಿ ನಮ್ಮ ಪೇಟೆಗಳಿಗೆ ಜೆರಾಕ್ಸ್ ಯಂತ್ರ ಬಂದು ಆ ಶ್ರಮವನ್ನು ತಪ್ಪಿಸಿತು. ಜೊತೆಗೆ, ಓದನ್ನು ಮುಂದೂಡುವ ಸೌಕರ್ಯವನ್ನೂ ಒದಗಿಸಿತು. ಮನೆಗೆ ಬಂದ ಪ್ರತಿ ತಲೆಗೆ ಬಂದ ಹಾಗಲ್ಲ. ಇಂದು ಚಿತ್ರಗಳು ಸಾವಿರಗಟ್ಟಲೆ ಜೇಬಿನ ಫೋನಿನಲ್ಲಿ ಸೇರುವ ಕಾಲದಲ್ಲಂತೂ ಈ ಮಾತು ಇನ್ನಷ್ಟು ನಿಜ. ಆದುದರಿಂದ, ಮುಖ್ಯವೆಂದು ತೋರಿದ ದಾಖಲೆಯನ್ನು ಈಗಲೂ ನಾನು ಒಮ್ಮೆ ಕೈಯಿಂದಲೇ ಬರೆದುಕೊಳ್ಳುತ್ತೇನೆ. ಮೊಮ್ಮಕ್ಕಳು ನಗುತ್ತಾರೆ, ನಗಲಿ.

ಊರು ಬಿಡದೆ ಸಂಶೋಧನೆ ನಡೆಸಿದವರೂ ನಮ್ಮಲ್ಲಿಯೇ ಇದ್ದರು. ಮಂಜೇಶ್ವರದ ಗೋವಿಂದ ಪೈಗಳು (1883–1963) ಸಮುದ್ರ ತೀರದ ಆ ಚಿಕ್ಕ ಊರಿನಲ್ಲಿ ಕುಳಿತು ಶಾಸನ, ಗ್ರಂಥಗಳ ಕಾಲನಿರ್ಣಯದಂಥ ಕಠಿಣವಾದ ಕಾರ್ಯ ಮಾಡಿದರು. ಅದು ಸಾಧ್ಯವಾದುದು ಅವರಿಗಿದ್ದ ಬಹುಭಾಷಾ ಪಾಂಡಿತ್ಯದಿಂದ, ಮತ್ತು ಸ್ವಂತ ವೆಚ್ಚದಲ್ಲಿ ಕಟ್ಟಿಕೊಂಡ ಗ್ರಂಥಭಂಡಾರದಿಂದ. ಅವರ ಪುಸ್ತಕಗಳು ಇಂದು ಉಡುಪಿಯ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜಿನಲ್ಲಿ ಅವರದೇ ಹೆಸರಿನ ಸಂಶೋಧನ ಕೇಂದ್ರದಲ್ಲಿವೆ. ಮಂಜೇಶ್ವರದ ಮನೆಯ ಆವರಣ ‘ಗಿಳಿವಿಂಡು’ ಎಂಬ ಹೆಸರಿನ ಸ್ಮಾರಕವಾಗಿದೆ. ಪೈಗಳಂಥವರಿಗೆ ಒದಗಿದ ಅನುಕೂಲ ಸಾಮಾನ್ಯ ಅಧ್ಯಾಪಕನಿಗೆ ಎಲ್ಲಿಯದು? ಅವನ ಮನೆಯಲ್ಲಿ ಕಿಟ್ಟೆಲ್ ನಿಘಂಟಿನ ಒಂದು ಪ್ರತಿ ಇದ್ದರೆ ಅದೇ ಭಾಗ್ಯ.

ಬಾಗಿಲಿಗೆ ಬಂದ ಭಂಡಾರ

ಈ ಸ್ಥಿತಿ ಇಪ್ಪತ್ತು ವರ್ಷಗಳಲ್ಲಿ ತಲೆಕೆಳಗಾಯಿತು. ಸ್ಟರಕ್ ಮತ್ತು ಸ್ಟುವರ್ಟರು ಬರೆದ ದಕ್ಷಿಣ ಕೆನರಾ ಜಿಲ್ಲೆಯ ಕೈಪಿಡಿಯ ಎರಡು ಸಂಪುಟಗಳು (1894, 1895), ಮಲಬಾರಿನಿಂದ ನಮ್ಮ ಕರಾವಳಿಯ ದಾರಿಯಾಗಿ 1801ರಲ್ಲಿ ಸಾಗಿದ ಫ್ರಾನ್ಸಿಸ್ ಬುಕಾನನನ ಪ್ರವಾಸ ಗ್ರಂಥ (1807), ಜಿಲ್ಲೆಯ ಎಷ್ಟೋ ಶಾಸನಗಳನ್ನು ಒಳಗೊಂಡ ದಕ್ಷಿಣ ಭಾರತೀಯ ಶಾಸನಗಳ ಏಳನೆಯ ಸಂಪುಟ — ಹಿಂದೆ ಇವುಗಳ ಒಂದೊಂದು ಪುಟಕ್ಕೂ ಮದ್ರಾಸು ಅಥವಾ ಮೈಸೂರಿಗೆ ಹೋಗಬೇಕಾಗಿತ್ತು. ಇಂದು ಇಂಟರ್ನೆಟ್ ಆರ್ಕೈವಿನಂಥ ಜಾಲ ಭಂಡಾರಗಳಲ್ಲಿ ಇವು ಉಚಿತವಾಗಿ ದೊರೆಯುತ್ತವೆ. ಮೆಕೆಂಜಿಯ ಕನ್ನಡ ಕೈಫಿಯತ್ತುಗಳನ್ನು ಎಂ. ಎಂ. ಕಲಬುರ್ಗಿಯವರ ಸಂಪಾದಕತ್ವದಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅಚ್ಚು ಹಾಕಿಸಿತು. ಜರ್ಮನಿಯ ಟ್ಯೂಬಿಂಗೆನ್ ವಿಶ್ವವಿದ್ಯಾಲಯದಲ್ಲಿದ್ದ ಗುಂಡರ್ಟ್ ಪಂಡಿತನ ಸಂಗ್ರಹವನ್ನು ಯಾರು ಬೇಕಾದರೂ ತಮ್ಮ ಮನೆಯಲ್ಲಿ ಕುಳಿತು ತೆರೆಯಬಹುದು.

ಇದರ ಬೆಲೆ ನಮಗೆ ಚೆನ್ನಾಗಿ ಮನವರಿಕೆಯಾದುದು 2020ರಲ್ಲಿ. ಆ ವರ್ಷ ಮಾರ್ಚ್ ತಿಂಗಳಲ್ಲಿ ಸಾಂಕ್ರಾಮಿಕ ರೋಗದ ನಿಮಿತ್ತ ತಲಪಾಡಿಯ ಗಡಿ ಮುಚ್ಚಿತು. ಮಂಗಳೂರಿನ ಆಸ್ಪತ್ರೆಗಳನ್ನು ನಂಬಿದ್ದ ಕಾಸರಗೋಡಿನ ರೋಗಿಗಳು ಪಟ್ಟ ಪಾಡನ್ನು ಓದುಗರು ಮರೆತಿರಲಾರರು. ಬಸ್ಸಿನಲ್ಲಿ ಒಂದು ಗಂಟೆಯ ದಾರಿಯಾದ ಮಂಗಳೂರಿನ ಗ್ರಂಥಾಲಯ ನಮಗೆ ಪರದೇಶವಾಗಿದ್ದ ಆ ತಿಂಗಳುಗಳಲ್ಲಿ, ಜರ್ಮನಿಯ ಗ್ರಂಥಾಲಯ ಮೇಜಿನ ಮೇಲಿತ್ತು.

ಸ್ಥಳನಾಮಗಳ ವಿಚಾರದಲ್ಲಿ ಈ ಸೌಲಭ್ಯ ಎಷ್ಟು ಉಪಯುಕ್ತವೆಂಬುದಕ್ಕೆ ಒಂದು ನಿದರ್ಶನ. ಗುಂಡರ್ಟನ ಮಲಯಾಳ ನಿಘಂಟು 1872ರಲ್ಲಿ, ಮ್ಯಾನರನ ತುಳು ನಿಘಂಟು 1886ರಲ್ಲಿ, ಕಿಟ್ಟೆಲನ ಕನ್ನಡ ನಿಘಂಟು 1894ರಲ್ಲಿ ಪ್ರಕಟವಾದುವು. ಮೂರಕ್ಕೂ ಪ್ರಕಟಣಸ್ಥಳ ಮಂಗಳೂರು, ಮೂರರ ಹಿಂದೆಯೂ ಬಾಸೆಲ್ ಮಿಷನ್. ನಮ್ಮ ಸೀಮೆಯ ಒಂದು ಊರಿನ ಹೆಸರನ್ನು ಬಿಡಿಸಬೇಕಾದರೆ ಈ ಮೂರನ್ನೂ, ಇವುಗಳ ಜೊತೆಗೆ ಉಡುಪಿಯಲ್ಲಿ 1988ರಿಂದ 1997ರವರೆಗೆ ಆರು ಸಂಪುಟಗಳಲ್ಲಿ ಹೊರಬಂದ ತುಳು ನಿಘಂಟನ್ನೂ, ಪಕ್ಕಪಕ್ಕದಲ್ಲಿ ಬಿಚ್ಚಿಡಬೇಕು. ಕಾಸರಗೋಡಿನ ನೆಲ್ಲಿಕುಂಜೆ ಮಲಯಾಳದಲ್ಲಿ ನೆಲ್ಲಿಕ್ಕುನ್ನು. ಮಲಯಾಳದ ಒನ್ನ್ ತುಳುವಿನಲ್ಲಿ ಒಂಜಿ. ಅಲ್ಲಿಯ ಕನ್ನ್, ಅಂದರೆ ಕರು, ಇಲ್ಲಿ ಕಂಜಿ. ಅದೇ ನಿಯಮದಂತೆ ಗುಡ್ಡವೆಂಬರ್ಥದ ಕುನ್ನ್ ಇಲ್ಲಿ ಕುಂಜ, ಕುಂಜೆ ಆಗುತ್ತದೆ. ಒಂದನ್ನು ಕೆಡಿಸಿ ಇನ್ನೊಂದನ್ನು ಮಾಡಿದರೆಂದು ಹೇಳುವಂತಿಲ್ಲ. ಒಂದೇ ಗುಡ್ಡವನ್ನು ಎರಡು ಭಾಷೆಗಳ ಜನ ತಮ್ಮ ತಮ್ಮ ನಾಲಗೆಗೆ ಒಪ್ಪುವಂತೆ ಕರೆದಿದ್ದಾರೆ. ಇಂಥ ಹೋಲಿಕೆಯನ್ನು ನಾಲ್ಕು ಗ್ರಂಥಾಲಯಗಳ ನಡುವೆ ಓಡಾಡಿ ಮಾಡುವುದಕ್ಕೂ ಒಂದೇ ಸಂಜೆ ಮನೆಯಲ್ಲಿ ಮಾಡುವುದಕ್ಕೂ ಇರುವ ವ್ಯತ್ಯಾಸವನ್ನು ವಿವರಿಸಬೇಕಾಗಿಲ್ಲ.

ಹಾಗೆಂದು ಯಂತ್ರವನ್ನು ಕೇಳಿದರೆ ಸಾಕೆಂದು ತಿಳಿಯಬಾರದು. ಇಂಗ್ಲಿಷರು ಕಾಸರಗೋಡನ್ನು ಒಂದೆಡೆ ‘ಸಿ’ ಅಕ್ಷರದಿಂದ, ಇನ್ನೊಂದೆಡೆ ‘ಕೆ’ ಅಕ್ಷರದಿಂದ ಆರಂಭಿಸಿದ್ದಾರೆ. ನಡುವೆ ಒಮ್ಮೆ ಒಂದು ‘ಎಸ್’, ಒಮ್ಮೆ ಎರಡು. ಚಿಕ್ಕ ಹಳ್ಳಿಗಳ ಪಾಡನ್ನಂತೂ ಕೇಳುವುದೇ ಬೇಡ. ಕನ್ನಡದ ಹಳೆಯ ಅಚ್ಚನ್ನು ಗುರುತಿಸುವ ತಂತ್ರಾಂಶ ದ–ಧ, ಪ–ಷಗಳಲ್ಲಿ ಎಡವುತ್ತದೆ. ಒತ್ತಕ್ಷರ ಬಂದರೆ ಇನ್ನೂ ಕಷ್ಟ. ಆದ್ದರಿಂದ ಹುಡುಕುವವನಿಗೆ, ಹೆಸರನ್ನು ಯಾರು ಯಾರು ಹೇಗೆ ಹೇಗೆ ಬರೆದಿರಬಹುದೆಂಬ ಕಲ್ಪನೆ ಮೊದಲೇ ಇರಬೇಕು. ಪ್ರಶ್ನೆ ಕೇಳಿದರೆ ಉತ್ತರವನ್ನೇ ಪ್ರಬಂಧದಂತೆ ಬರೆದುಕೊಡುವ ಯಂತ್ರಗಳೂ ಈಗ ಬಂದಿವೆ. ನಮ್ಮ ಗ್ರಾಮದ ಗದ್ದೆಗಳ ಹೆಸರನ್ನು ನಾನು ಕೇಳಿ ನೋಡಿದೆ. ಬಹಳ ವಿನಯದಿಂದ ಬೇರೆಲ್ಲಿಯದೋ ವಿಚಾರ ಹೇಳಿತು.

ಹಳೆಯ ಒಂದು ಚೀಟಿನ ಕಥೆ

ಕಾಗದ ಸಿಕ್ಕಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲವೆಂಬುದಕ್ಕೆ ಗೇಣಿ ಚೀಟುಗಳೇ ಸಾಕ್ಷಿ. ನಮ್ಮ ಸೀಮೆಯಲ್ಲಿ ಮೂಲಗೇಣಿ, ಚಾಲಗೇಣಿ ಎಂದು ಎರಡು ಬಗೆಯ ಒಕ್ಕಲುತನ ಇದ್ದುದು ಹಿರಿಯರಿಗೆ ಗೊತ್ತಿದೆ. ಮೊದಲನೆಯದು ಶಾಶ್ವತ, ಎರಡನೆಯದು ಧನಿಯ ಇಚ್ಛೆಗೆ ಒಳಪಟ್ಟುದು. ಕೇರಳದಲ್ಲಿ 1970ರ ಜನವರಿ 1ರಿಂದ ಭೂಸುಧಾರಣೆ ಜಾರಿಗೆ ಬಂದು ಈ ಪದ್ಧತಿ ಕೊನೆಗೊಂಡಿತು. ಕೊನೆಗೊಂಡ ಮೇಲೆ ಚೀಟುಗಳಿಂದ ಯಾರಿಗೇನು ಪ್ರಯೋಜನ? ಎಷ್ಟೋ ಮನೆಗಳಲ್ಲಿ ಅವು ಸ್ನಾನದ ಒಲೆಗೆ ಹೋದುವು.

ಉಳಿದ ಒಂದು ಚೀಟು ಬಂಧುಗಳೊಬ್ಬರ ಮನೆಯಲ್ಲಿ ದೊರೆಯಿತು. ಕನ್ನಡದ ಕೂಡುಬರಹ, ಪದಗಳ ನಡುವೆ ತೆರವಿಲ್ಲ, ಗೇಣಿ ಅಕ್ಕಿಯ ಮುಡಿಗಳಲ್ಲಿ. ಸಾಮಾನ್ಯ ಲೆಕ್ಕದಲ್ಲಿ ಮೂರು ಕಳಸೆಗೆ ಒಂದು ಮುಡಿ, ಕಳಸೆಗೆ ಹದಿನಾಲ್ಕು ಸೇರು. ನಗದಿನ ಬಾಬಿಗೆ ಹಾಗ, ವೀಸಗಳ ಗುರುತು. ಹಾಗವೆಂದರೆ ಕಾಲು ಭಾಗ, ವೀಸವೆಂದರೆ ಹದಿನಾರನೆಯ ಒಂದು ಭಾಗ. ಕಾಲವನ್ನು ಕುರಿತು ಇದ್ದುದು ‘ಕ್ರೋಧನ ಸಂವತ್ಸರದ ಮಕರ ಮಾಸ’ ಎಂಬಿಷ್ಟೇ. ಅರವತ್ತು ವರ್ಷಕ್ಕೊಮ್ಮೆ ಮರಳುವ ಸಂವತ್ಸರಗಳಲ್ಲಿ ಕ್ರೋಧನ ಬಂದುದು 1805–06ರಲ್ಲಿ, 1865–66ರಲ್ಲಿ, 1925–26ರಲ್ಲಿ. ಯುಗಾದಿಯಿಂದ ಎಣಿಸಿದರೆ ಮಕರ ಮಾಸ ಸಂವತ್ಸರದ ಕೊನೆಯ ಭಾಗಕ್ಕೆ ಬೀಳುವುದರಿಂದ ಜನವರಿ–ಫೆಬ್ರವರಿ ತಿಂಗಳು, ಅಂದರೆ 1806, 1866, ಇಲ್ಲವೇ 1926. ಚೀಟಿನ ಮುದ್ರೆಯ ಕಾಗದದಲ್ಲಿ ಇದ್ದುದು ವಿಕ್ಟೋರಿಯಾ ರಾಣಿಯ ತಲೆ. ಕಂಪೆನಿಯ ಕಾಲದ 1806ಕ್ಕೂ, ಐದನೆಯ ಜಾರ್ಜನ ಕಾಲದ 1926ಕ್ಕೂ ಅದು ಹೊಂದದು. ಉಳಿದುದು 1866.

ಅದೇ ಮನೆಯಲ್ಲಿದ್ದ ಮಲಯಾಳದ ಕರಾರೊಂದು ಕೊಲ್ಲವರ್ಷ 1041ರದು. ಕ್ರಿ. ಶ. 825ರಲ್ಲಿ ಮೊದಲಾಗುವ ಈ ವರ್ಷಗಣನೆ ತಿರುವಿದಾಂಕೂರಿನ ಕಡೆ ಸಿಂಹ ಮಾಸದಿಂದ, ಉತ್ತರ ಮಲಬಾರಿನಲ್ಲಿ ಕನ್ಯಾ ಮಾಸದಿಂದ ಆರಂಭವಾಗುತ್ತಿತ್ತು. ಆದುದರಿಂದ ನಮ್ಮ ಕಡೆಯ 1041ನೆಯ ವರ್ಷವೆಂದರೆ 1865ರ ಸೆಪ್ಟೆಂಬರಿನಿಂದ ಮುಂದಿನ ಒಂದು ವರ್ಷ. ಕನ್ನಡದ ಚೀಟೂ ಮಲಯಾಳದ ಕರಾರೂ ಒಂದೇ ವರ್ಷದವಾದುವು. ಒಂದೇ ಮನೆಯವರು ಬಡಗಣ ಒಕ್ಕಲಿನೊಡನೆ ಒಂದು ಭಾಷೆಯಲ್ಲಿ, ತೆಂಕಣ ನೆರೆಯವನೊಡನೆ ಇನ್ನೊಂದು ಭಾಷೆಯಲ್ಲಿ ವ್ಯವಹರಿಸಿದ್ದು ತಿಳಿಯಿತು. ಇಂಥ ಲೆಕ್ಕಕ್ಕೆ ಹಿಂದೆ ಸ್ವಾಮಿಕನ್ನು ಪಿಳ್ಳೆಯವರು 1911ರಲ್ಲಿ ಪ್ರಕಟಿಸಿದ ಕಾಲಗಣನೆಯ ಕೋಷ್ಟಕಗಳನ್ನು ಹಿಡಿದು ಅರ್ಧ ದಿನ ಕೂರಬೇಕಾಗಿತ್ತು. ಈಗ ತಿಥಿ, ವಾರ, ಮಾಸ ಹೇಳಿದರೆ ಗಣಕಯಂತ್ರ ಕ್ಷಣಾರ್ಧದಲ್ಲಿ ದಿನಾಂಕ ಕೊಡುತ್ತದೆ. ರಾಣಿಯ ತಲೆಯನ್ನು ಗಮನಿಸುವ ಕೆಲಸ ಇಂದಿಗೂ ನಮ್ಮದೇ.

ಲಿಪಿಯ ವಿಚಾರವೂ ಹೀಗೆಯೇ. ನಮ್ಮ ಮನೆಗಳ ಅಟ್ಟದ ಮೇಲೆ ಶ್ರೀತಾಳೆ ಗರಿಯ ಓಲೆಗಳಿವೆ. ಹಲವು ತಿಗಳಾರಿ ಲಿಪಿಯಲ್ಲಿವೆ. 2024ರ ಸೆಪ್ಟೆಂಬರಿನಲ್ಲಿ ಯೂನಿಕೋಡಿನ 16ನೆಯ ಆವೃತ್ತಿಯಲ್ಲಿ ತುಳು-ತಿಗಳಾರಿ ಲಿಪಿಗೆ ಸ್ಥಾನ ದೊರೆಯಿತು. ಸಂತೋಷದ ಸಂಗತಿ. ಯಂತ್ರಕ್ಕೆ ಅಕ್ಷರ ಬಂದ ಈ ಹೊತ್ತಿನಲ್ಲಿ, ಆ ಅಕ್ಷರವನ್ನು ಸರಾಗವಾಗಿ ಓದಬಲ್ಲ ಹಿರಿಯರನ್ನು ನಮ್ಮ ಗ್ರಾಮಗಳಲ್ಲಿ ಕೈಬೆರಳಿನಿಂದ ಎಣಿಸಬಹುದಾಗಿದೆ.

ತಿರುಗಿದ ದಾರಿ

ಇಲ್ಲಿಂದಲೇ ನನ್ನ ಕ್ರಮ ಬದಲಾಯಿತು. ಮೊದಲು ನಾನು ಕಾಗದದಿಂದ ಆರಂಭಿಸಿ ಮನುಷ್ಯರ ಬಳಿಗೆ ಬರುತ್ತಿದ್ದೆ. ಮದ್ರಾಸಿನಲ್ಲಿ ಕಂಡುದನ್ನು ಊರಿನಲ್ಲಿ ಕೇಳಿ ದೃಢಪಡಿಸಿಕೊಳ್ಳುವುದು ಅಂದಿನ ಪದ್ಧತಿ. ಕಾಗದ ದುರ್ಲಭವಾಗಿದ್ದ ಕಾಲಕ್ಕೆ ಅದು ತಕ್ಕುದೇ ಆಗಿತ್ತು. ಈಗ ಮೊದಲು ಹೋಗುವುದು ಮನೆಯ ಅತ್ಯಂತ ಹಿರಿಯರ ಬಳಿಗೆ, ಅದರಲ್ಲಿಯೂ ಹೆಂಗಸರ ಬಳಿಗೆ. ಕಾಗದ ಕಾಯುತ್ತದೆ. ಎಗ್ಮೋರಿನ ಸಂಪುಟ ಮುಂದಿನ ವರ್ಷವೂ ಅಲ್ಲಿರುತ್ತದೆ; ತೊಂಬತ್ತು ದಾಟಿದ ಅಜ್ಜಿಯ ಬಗ್ಗೆ ಹಾಗೆ ಹೇಳುವ ಧೈರ್ಯ ಯಾರಿಗಿದೆ?

ಅವರಲ್ಲಿ ಕೇಳುವುದಾದರೂ ಏನನ್ನು? ರಾಜರ, ಕಲೆಕ್ಟರರ ಹೆಸರನ್ನಲ್ಲ. ಒಮ್ಮೆ ನಾನು ಬಹಳ ಉತ್ಸಾಹದಿಂದ ಜಿಲ್ಲೆಯ ಕೈಪಿಡಿಯಲ್ಲಿ ಬಂ‌ದ ಒಂದು ವಿಷಯವನ್ನು ಪ್ರಸ್ತಾಪಿಸಿದಾಗ ಒಬ್ಬ ಅಜ್ಜಿ ಹೇಳಿದರು: “ಮಾಷ್ಟ್ರೇ, ಪುಸ್ತಕದಲ್ಲಿ ಇರುವುದನ್ನು ನನ್ನಲ್ಲಿ ಕೇಳುವುದು ಯಾಕೆ? ಇಲ್ಲದ್ದನ್ನು ಕೇಳಿ.” ಆಮೇಲೆ ಅವರು ಹೇಳಿದುದು ಗದ್ದೆಗಳ ವಿಚಾರ.

ಈ ಗದ್ದೆಗಳ ವಿಚಾರದಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮ ಕರಾವಳಿಯ ಭತ್ತದ ಭೂಮಿಯನ್ನು ಬೈಲು, ಮಜಲು, ಬೆಟ್ಟು ಎಂದು ಮೂರಾಗಿ ವಿಂಗಡಿಸುತ್ತಿದ್ದರು. ತಗ್ಗಿನಲ್ಲಿ ನೀರು ನಿಲ್ಲುವ ಬೈಲಿನಲ್ಲಿ ಏಣೆಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆ, ಮಜಲಿನಲ್ಲಿ ಎರಡು, ಮಳೆಯನ್ನೇ ನಂಬಿದ ಎತ್ತರದ ಬೆಟ್ಟಿನಲ್ಲಿ ಒಂದು. ಸರ್ಕಾರದ ಪುಸ್ತಕ ಇಷ್ಟನ್ನು ಹೇಳಿ, ಸರ್ವೆ ನಂಬರು ಕೊಟ್ಟು ಸುಮ್ಮನಾಗುತ್ತದೆ. ಆದರೆ ಒಂದೊಂದು ನಂಬರಿನ ಒಳಗೂ ಹತ್ತಾರು ಗದ್ದೆಗಳು, ಪ್ರತಿಯೊಂದಕ್ಕೂ ಒಂದು ಹೆಸರು. ಮನೆಯ ಮುಂದಿನ ದೊಡ್ಡ ಗದ್ದೆ ಬಾಕಿಮಾರು. ಕೋಣಗಳು ಓಡಿದ್ದು ಕಂಬಳಗದ್ದೆ. ಇನ್ನು ಕೆಲವು ಹೆಸರುಗಳಲ್ಲಿ ಒಂದು ಮರ, ಒಂದು ಕಟ್ಟೆ, ಒಂದು ದೈವ, ಎಂದೋ ನಡೆದ ಒಂದು ಜಗಳ ಅಡಗಿರುತ್ತದೆ. ಅದೇ ಗದ್ದೆಗೆ ಧನಿಗಳ ಮನೆಯಲ್ಲಿ ಹವ್ಯಕ ಕನ್ನಡದ ಒಂದು ಹೆಸರು, ನೇಜಿ ನೆಟ್ಟ ಹೆಂಗಸರ ಬಾಯಲ್ಲಿ ತುಳುವಿನ ಇನ್ನೊಂದು ಹೆಸರು, ಅಂಚಿನ ಆಚೆಯ ಬ್ಯಾರಿ ಅಥವಾ ಮಲಯಾಳಿ ಮನೆಯವರಲ್ಲಿ ಮತ್ತೊಂದು. ಇವು ಯಾವ ರಾಜಧಾನಿಯ ಯಾವ ಸಂಪುಟದಲ್ಲಿಯೂ ಇಲ್ಲ. ಆದ್ದರಿಂದ ಯಾವ ಜಾಲ ಭಂಡಾರದಲ್ಲಿಯೂ ಬರಲಾರವು. ಗದ್ದೆಗಳು ಅಡಕೆ ತೋಟವಾದುವು, ಬೆಟ್ಟುಗಳಿಗೆ ರಬ್ಬರು ಬಂತು, ಉಳಿದವು ಮನೆ ನಿವೇಶನಗಳಾದುವು. ನೆಡುವವರಿಲ್ಲದ ಗದ್ದೆಯ ಹೆಸರನ್ನು ಕರೆಯುವವರು ಯಾರು?

2021ರ ಜೂನ್ ತಿಂಗಳಲ್ಲಿ ಕಾಸರಗೋಡಿನ ಊರುಗಳ ಕನ್ನಡ–ತುಳು ಹೆಸರುಗಳನ್ನು ಬದಲಾಯಿಸಲಾಗುತ್ತಿದೆಯೆಂಬ ವಿಷಯ ಗಡಿಯ ಎರಡೂ ಕಡೆ ದೊಡ್ಡ ಚರ್ಚೆಗೆ ಬಂತು; ಅಂಥ ನಿರ್ಧಾರವೇನೂ ಇಲ್ಲವೆಂದು ಕೇರಳ ಸರ್ಕಾರ ತಿಳಿಸಿತು. ಮಂಜೇಶ್ವರ, ಕುಂಬಳೆಗಳ ಹೆಸರಿಗಾಗಿ ದನಿಯೆತ್ತುವವರಿದ್ದಾರೆ, ಇರಬೇಕು ಕೂಡ. ಆ ಹೆಸರುಗಳಿಗೆ ಶಾಸನಗಳ, ಪುಸ್ತಕಗಳ, ರೈಲು ನಿಲ್ದಾಣದ ಫಲಕಗಳ ಆಸರೆಯುಂಟು. ನನಗೆ ಹೆಚ್ಚು ಕಳವಳವಿರುವುದು ಯಾರೂ ಬದಲಾಯಿಸದೆ, ಯಾರೂ ಪ್ರತಿಭಟಿಸದೆ, ಒಂದೊಂದು ಸಾವಿನೊಡನೆ ಸದ್ದಿಲ್ಲದೆ ಹೋಗುತ್ತಿರುವ ಈ ಚಿಕ್ಕ ಹೆಸರುಗಳ ಬಗ್ಗೆ.

ಹಾಗಾಗಿ ಈಗಿನ ನನ್ನ ದಿನಚರಿ ಹೀಗಿದೆ. ಮೊದಲು ಹಿರಿಯರೊಡನೆ ಜಾಗ ನೋಡುವುದು; ನಡೆಯಲಾರದವರಿಗೆ ಫೋನಿನ ಪರದೆಯ ಮೇಲೆ ಉಪಗ್ರಹದ ಚಿತ್ರವನ್ನು ತೋರಿಸುವುದು. ತಮ್ಮ ಮನೆಯ ಮಾಡನ್ನು ಆಕಾಶದಿಂದ ನೋಡಿದ ಅಚ್ಚರಿ ಕಳೆದ ಮೇಲೆ ಬೆರಳಿಟ್ಟು ತೋರಿಸುವುದರಲ್ಲಿ ಅವರು ಎಷ್ಟು ನಿಷ್ಕೃಷ್ಟರೆಂದರೆ, ಸರ್ವೆಯವನೂ ನಾಚಬೇಕು. ಹೇಳಿದ ಹೆಸರನ್ನು ಅವರದೇ ದನಿಯಲ್ಲಿ ಮುದ್ರಿಸಿಕೊಳ್ಳುತ್ತೇನೆ. ತುಳುವಿನ ಕೆಲವು ಸ್ವರಗಳನ್ನು ಕನ್ನಡ ಲಿಪಿಯಲ್ಲಿ ತರುವುದು ಕಷ್ಟ. ಎಂಬತ್ತರ ದಶಕದ ಕ್ಯಾಸೆಟ್ಟುಗಳು ನಮ್ಮ ಮಳೆಗಾಲದಲ್ಲಿ ಬೂಸಲು ಹಿಡಿದು ಹಾಳಾಗುತ್ತಿದ್ದುದನ್ನು ಕಂಡಿರುವುದರಿಂದ, ಪ್ರತಿಯೊಂದು ಧ್ವನಿಮುದ್ರಣದ ಮೂರು ಪ್ರತಿಗಳು ಮೂರು ಕಡೆ ಇರಬೇಕೆಂಬ ನಿಯಮ. ಅವುಗಳಲ್ಲಿ ಒಂದು, ಹೇಳಿದವರ ಮನೆಯಲ್ಲಿಯೇ. ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರಶೈಲಿಯಲ್ಲಿ ಬೆರಳಚ್ಚಾದ ಟಿಪ್ಪಣಿಗಳನ್ನೆಲ್ಲ ಯೂನಿಕೋಡಿಗೆ ಪರಿವರ್ತಿಸಿದ್ದೂ ಆಯಿತು. ಹಾಗೆ ಮಾಡದಿದ್ದರೆ ಯಂತ್ರದ ಪಾಲಿಗೆ ಅವು ಕನ್ನಡವೇ ಅಲ್ಲ. ಇಷ್ಟೆಲ್ಲ ಆದ ಮೇಲೆ ಗೇಣಿ ಚೀಟು, ಅದರ ನಂತರ ಸರ್ಕಾರದ ಕಾಗದ, ಕೊನೆಗೆ ಮುದ್ರಿತ ಗ್ರಂಥ. ಐವತ್ತು ವರ್ಷಗಳ ಹಿಂದಿನ ಸಾಲನ್ನು ಬಾಲದಿಂದ ಹಿಡಿದಂತಾಯಿತು.

ಓದುಗರಲ್ಲಿ ಹಲವರ ಮನೆಯಲ್ಲಿ ಓಲೆಯ ಕಟ್ಟುಗಳಿರಬಹುದು. ಹಬ್ಬದ ಸ್ವಚ್ಛತೆಯ ಉತ್ಸಾಹದಲ್ಲಿ ಅವನ್ನು ಬಿಸಿಲಿಗೆ ಒಣಹಾಕಬೇಡಿ, ಒದ್ದೆ ಬಟ್ಟೆಯಿಂದ ಒರಸಬೇಡಿ. ಓಲೆಯ ಗೀರುಗಳಿಗೆ ದೀಪದ ಕಾಡಿಗೆಯನ್ನೂ ಮಜ್ಜಿಗೆಹುಲ್ಲಿನ ಎಣ್ಣೆಯನ್ನೂ ಹಚ್ಚಿ ಅಕ್ಷರವನ್ನು ಕಾಣಿಸುವ ವಿಧಾನ ಉಂಟು. ಅದನ್ನು ಬಲ್ಲವರೇ ಮಾಡಬೇಕು. ದಾರ ಕಡಿದ ಕಟ್ಟಿನ ಗರಿಗಳ ಕ್ರಮವನ್ನು ಕೆಡಿಸದೆ ಹಾಗೆಯೇ ಬಟ್ಟೆಯಲ್ಲಿ ಸುತ್ತಿಡಿ. ಗೇಣಿ ಚೀಟು, ಲೆಕ್ಕದ ಪುಸ್ತಕ, ಹಳೆಯ ಕಾಗದಪತ್ರಗಳ ಎರಡೂ ಬದಿಗಳ ಚಿತ್ರ ತೆಗೆದಿಡಿ. ಹಿಂಬದಿಯ ಒಂದು ಸಾಲಿನಲ್ಲಿಯೇ ಕೆಲವೊಮ್ಮೆ ಬರೆದವನ ಹೆಸರಿರುತ್ತದೆ. ಮುಂಬಯಿಯಲ್ಲಿಯೋ ಕೊಲ್ಲಿ ದೇಶಗಳಲ್ಲಿಯೋ ಇರುವ ಮಕ್ಕಳು ರಜೆಗೆ ಬಂದಾಗ ಅಜ್ಜಿಯೊಡನೆ ಒಂದು ಮಧ್ಯಾಹ್ನ ಗದ್ದೆಯ ಹೆಸರುಗಳನ್ನು ಫೋನಿನಲ್ಲಿ ಮುದ್ರಿಸಿಕೊಂಡರೆ, ಅದಕ್ಕೆ ಯಾವ ವಿಶ್ವವಿದ್ಯಾನಿಲಯದ ಅಪ್ಪಣೆಯೂ ಬೇಕಾಗಿಲ್ಲ.

ನಮ್ಮ ಗ್ರಾಮದ ಹೊಳೆಯ ಈಚೆಯ ಭಾಗದ ಗದ್ದೆಗಳ ಪಟ್ಟಿ ಹೆಚ್ಚುಕಡಿಮೆ ಸಿದ್ಧವಾಗಿದೆ. ಆಚೆಯ ಭಾಗವನ್ನು ಬಲ್ಲವರು ಒಬ್ಬರೇ ಉಳಿದಿದ್ದಾರೆ, ಎಳೆಯ ವಯಸ್ಸಿನಲ್ಲಿ ಅಲ್ಲಿ ನೇಜಿ ನೆಟ್ಟವರು. ಕಳೆದ ಬಾರಿ ಹೋದಾಗ ಮಳೆ ಜೋರಾಗಿತ್ತು. “ಈಗ ಬೇಡ ಮಾಷ್ಟ್ರೇ, ಪಾಪು ಜಾರುತ್ತದೆ. ಮಳೆ ಬಿಟ್ಟ ಮೇಲೆ ಬನ್ನಿ. ನಾನೇ ಬಂದು ಒಂದೊಂದಾಗಿ ತೋರಿಸುತ್ತೇನೆ” ಎಂದರು. ಪಾಪು ಎಂದರೆ ನಮ್ಮ ಕಡೆ ಹೊಳೆಗೆ ಹಾಕಿದ ಕಾಲುಸಂಕ. ತುಲಾ ಮಾಸದ ಮೊದಲ ವಾರಕ್ಕೆ ದಿನ ನಿಶ್ಚಯವಾಗಿದೆ.